ನೂರು ಜನ, ಒಂದು ಸಹಿ

ಕರಪತ್ರ ಅಂಗೈ ಅಗಲ; ಸಂಘದ ಪದಾಧಿಕಾರಿಗಳು ಹದಿನೇಳು ಮಂದಿ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಬಡಾವಣೆಯ ಸಂಘದವರು ಉಚಿತ ಕಣ್ಣಿನ ತಪಾಸಣಾ ಶಿಬಿರ ಇಟ್ಟುಕೊಂಡಿದ್ದರು. ಪ್ರಚಾರದ ಹೊರೆ ಬಿದ್ದದ್ದು ಇಂಟರ್ನ್ ಹುಡುಗಿಯ ತಲೆಗೆ. ಮೂರು ತಿಂಗಳಿಂದ ಬಿಟ್ಟಿ ದುಡಿಯುತ್ತಿದ್ದ ಅವಳಿಗೆ ಬೇಕಿದ್ದದ್ದು ಒಂದೇ ಒಂದು ಅನುಭವ ಪತ್ರ. ಶಿಬಿರದ ದಿನವೇ ಸಂಜೆ ಐದರೊಳಗೆ ಅದನ್ನು ಅರ್ಜಿ ಹಾಕಿದ್ದ ಕಂಪನಿಗೆ ಕಳಿಸಿದರೆ ಕೆಲಸ ಸಿಕ್ಕಿತು, ಇಲ್ಲವಾದರೆ ಹೋಯಿತು. ಟೈಪಾಗಿದ್ದ ಪತ್ರವನ್ನು ಅಧ್ಯಕ್ಷರು ಮಡಚಿ ಜೇಬಿಗಿಳಿಸಿ, "ನೂರು ಜನ ಬರಲಿ, ನಿಂತಲ್ಲೇ ಸಹಿ ಹಾಕ್ತೀನಿ" ಅಂದಿದ್ದರು.

ಅವಳು ಮೊದಲು ಮಾಡಿದ ಕರಪತ್ರ ಚೆನ್ನಾಗಿಯೇ ಇತ್ತು. ದೊಡ್ಡದೊಂದು ಕಣ್ಣು, ಕೆಳಗೆ ದಿನ, ಹೊತ್ತು, ಜಾಗ. ಅದನ್ನು ನೋಡಿ ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದಂತಾಯಿತು.

"ಯಾರದಮ್ಮಾ ಈ ಕಣ್ಣು? ಇವರೇನು ನಮ್ಮ ಸಂಘದ ಮೆಂಬರಾ?"

ಕಣ್ಣು ಹೋಗಿ ಅಧ್ಯಕ್ಷರ ಮುಖ ಬಂತು. ಅವರ ಬೆನ್ನಿಗೇ ಮೂವರು ಉಪಾಧ್ಯಕ್ಷರು ಬಂದರು. ಕಚೇರಿಯ ಸುಟ್ಟ ಬಲ್ಬನ್ನು ವರ್ಷವಾದರೂ ಬದಲಾಯಿಸಲಾಗದ ಸಂಘಕ್ಕೆ ಮೂವರು ಉಪಾಧ್ಯಕ್ಷರು ಯಾಕೆ ಬೇಕೋ, ಅವರಿಗೂ ಗೊತ್ತಿರಲಿಲ್ಲ. ತನ್ನ ಫೋಟೋ ಚಿಕ್ಕದಾಯಿತೆಂದು ಖಜಾಂಚಿ ಬೆಳಿಗ್ಗೆ ರಾಜೀನಾಮೆ ಬರೆದು, ದೊಡ್ಡದಾದ ಮೇಲೆ ಮಧ್ಯಾಹ್ನ ವಾಪಸು ತೆಗೆದುಕೊಂಡರು. ಹದಿನೇಳು ಮುಖಗಳು ಕೂತ ಮೇಲೆ ಶಿಬಿರದ ವಿವರ ಇರುವೆ ಸಾಲಿನಂತೆ ಕೆಳಗಿನ ಅಂಚಿಗೆ ಅಂಟಿಕೊಂಡಿತು.

"ಸರ್, ಇದನ್ನ ಓದೋಕೇ ಆಗಲ್ಲ."

"ಓದೋದ್ಯಾಕೆ? ನಮ್ಮ ಮುಖ ನೋಡಿದ್ರೆ ಸಾಕು, ಜನ ಓಡಿ ಬರ್ತಾರೆ."

ಶಿಬಿರದ ದಿನ ಹತ್ತು ಗಂಟೆಗೆ ಸಂಘದ ಹಾಲಿನಲ್ಲಿ ಕಣ್ಣಿನ ಡಾಕ್ಟರು, ಇನ್ನೂರು ಕುರ್ಚಿ, ಮತ್ತೆ ಅದೇ ಹದಿನೇಳು ಮುಖಗಳು. ಹನ್ನೊಂದೂವರೆಯಾದರೂ ಹೊರಗಿನ ಒಂದು ನರಪಿಳ್ಳೆಯಿಲ್ಲ. ಡಾಕ್ಟರು ತಮ್ಮ ಕನ್ನಡಕವನ್ನೇ ಆರನೇ ಸಲ ಒರೆಸಿಕೊಂಡರು. ಪದಾಧಿಕಾರಿಗಳು ಹುಡುಗಿಯ ಸುತ್ತ ನೆರೆದು, ಪ್ರಚಾರ ಅಂದರೆ ಏನು ಅಂತ ಒಬ್ಬೊಬ್ಬರಾಗಿ ಪಾಠ ಮಾಡಿದರು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಕೊನೆಗೆ ಅಧ್ಯಕ್ಷರು ಜೇಬಿನಿಂದ ಪತ್ರ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿದರು. "ನಿನ್ನನ್ನ ಇಟ್ಕೊಂಡು ನಮ್ಮ ಮಾನ ಹೋಯ್ತು. ಸಹಿ ಹಾಕಿ ಕೊಡ್ತೀನಿ, ಎಲ್ಲಾದ್ರೂ ಹೋಗಮ್ಮ, ನಾಳೆಯಿಂದ ಈ ಕಡೆ ತಲೆ ಹಾಕಬೇಡ."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಅಜ್ಜಿ ಕರಪತ್ರ ಹಿಡಿದು ನಿಂತಿದ್ದರು. ಹುಡುಗಿಯ ಮೈಗೆ ಜೀವ ಬಂತು.

"ಸರ್, ತಡೀರಿ, ಸಹಿ ನೂರು ಜನ ಆದ್ಮೇಲೇ ಹಾಕಿ. ಜನ ಬಂದ್ರು," ಎಂದು ಅವಳೇ ಪೆನ್ನಿಗೆ ಅಡ್ಡ ಕೈಯಿಟ್ಟು ಬಾಗಿಲಿಗೆ ಓಡಿದಳು.

"ಏನಮ್ಮಾ ಇದು?" ಅಜ್ಜಿ ಕೇಳಿದರು. "ಪಾಪ, ಇಷ್ಟೂ ಜನ ಒಟ್ಟಿಗೇ ಹೇಗೆ ಕಾಣೆಯಾದ್ರು? ಕೆಳಗೇನೋ ಬರೆದಿದೆ, ನನ್ನ ಕಣ್ಣಿಗೆ ಹತ್ತಲಿಲ್ಲ. ಹಂಚಿದ್ದು ಈ ಸಂಘದವರು ಅಂದ್ರು, ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅಜ್ಜಿಯ ಹಿಂದೆ ಟೈಲರ್ ಇದ್ದ. ಮೂವತ್ತು ವರ್ಷ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದವನು ಈ ಕರಪತ್ರದ ಮುಂದೆ ಸೋತು ಬೆವತಿದ್ದ. ಅವನ ಹಿಂದೆ ಇಬ್ಬರು ಮೇಷ್ಟ್ರು, ಬಸ್ ಡ್ರೈವರು, ಒಂದು ಇಡೀ ಸಂಸಾರ. ಕರಪತ್ರ ಹೋದ ಮನೆಮನೆಯಲ್ಲೂ ತಮ್ಮ ಕಣ್ಣು ಹೋಯಿತೆಂದು ಗಾಬರಿಯೆದ್ದಿತ್ತು; ಸಂಘದ ಹಾಲಿನಲ್ಲಿ ಕಣ್ಣಿನ ಡಾಕ್ಟರು ಕೂತಿದ್ದಾರೆಂಬ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತ್ತು. ಡಾಕ್ಟರು ಎಲ್ಲರನ್ನೂ ಸಾಲಾಗಿ ಕೂರಿಸಿಕೊಂಡರು. ನಾಲ್ಕೂವರೆಗೆ ಲೆಕ್ಕ ನೂರಾ ಎಂಬತ್ತು ದಾಟಿತು. ಅವರಲ್ಲಿ ಮುಕ್ಕಾಲು ಪಾಲು ಜನರ ಕಣ್ಣಿಗೆ ಏನೂ ಆಗಿರಲಿಲ್ಲ.

ಅಧ್ಯಕ್ಷರು ಮೈಕು ಹಿಡಿದು, ಅಕ್ಷರ ಚಿಕ್ಕದಿರಲಿ ಅಂದದ್ದು ತಾವೇ ಎಂದು ಘೋಷಿಸಿದರು. ಹದಿನಾರು ಜನ ಚಪ್ಪಾಳೆ ತಟ್ಟಿದರು. ಹುಡುಗಿ ವೇದಿಕೆ ಹತ್ತಿ, "ಸರ್, ಸಹಿ. ಐದಕ್ಕೆ ಇನ್ನು ಹತ್ತೇ ನಿಮಿಷ ಇದೆ," ಎಂದಳು.

ಅಧ್ಯಕ್ಷರು ಪತ್ರ ತೆಗೆದರು. ಅದನ್ನು ನಿಧಾನವಾಗಿ ನಾಲ್ಕು ಚೂರು ಮಾಡಿ, ಅವಳ ತಲೆಯ ಮೇಲೆ ಕೈಯಿಟ್ಟರು.

"ಇಂಥ ಹುಡುಗೀನ ಕಳಿಸಿಬಿಡೋಕೆ ನಮಗೇನು ತಲೆ ಕೆಟ್ಟಿದೆಯಾ? ಇನ್ನೊಂದು ವರ್ಷ ನೀನು ಇಲ್ಲೇ ಇರ್ತೀಯ. ಪುಣ್ಯಕ್ಕೆ ಆ ಅಜ್ಜಿ ಸರಿಯಾದ ಹೊತ್ತಿಗೆ ಬಂದ್ರು ಕಣಮ್ಮ. ಅರ್ಧ ನಿಮಿಷ ತಡ ಆಗಿದ್ರೆ ಸಹಿ ಹಾಕೇಬಿಡ್ತಿದ್ದೆ."