ಗುಲಾಬಿ ಮಾಸ್ತರಿಕೆ

ಬಂದ ನಾಲ್ಕಕ್ಷರ ವಿದ್ಯೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂಡುವುದು ಎಲ್ಲರಿಂದ ಆಗುವ ಮಾತಲ್ಲ. ನನ್ನಿಂದಂತೂ ಆಗಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಸೊಲ್ಲಾಪುರದ ಒಂದು ಗಿರಣಿಯ ಆಫೀಸಿನಲ್ಲಿ ಕಾರಕೂನನಾಗಿದ್ದೆ. ವಿಜಾಪುರ ರಸ್ತೆಯ ಬಾಡಿಗೆ ಮನೆಯ ಅಂಗಳದಲ್ಲಿ, ಖಾಲಿ ಎಣ್ಣೆ ಡಬ್ಬಿಗಳಲ್ಲಿ ಗುಲಾಬಿ ಬೆಳೆಸುವ ಹುಚ್ಚು ಹತ್ತಿತ್ತು. ಬೆಳೆಸುತ್ತಿದ್ದೆ ಎಂದರೆ ಸುಳ್ಳಾದೀತು. ನೆಡುತ್ತಿದ್ದೆ, ಅವು ಒಣಗುತ್ತಿದ್ದವು, ಮತ್ತೆ ನೆಡುತ್ತಿದ್ದೆ. ನಳದ ನೀರು ಬಂದಾಗ ಮೊದಲ ಕೊಡ ಅಡಿಗೆಗೋ ಗುಲಾಬಿಗೋ ಎಂದು ಹೆಂಡತಿ ಗಂಗಾಳ ಜೊತೆ ದಿನಾ ಜಗಳ ಬೇರೆ.

ನನ್ನ ಮಾವನವರು ತಡವಳ ಎಂಬ ಹಳ್ಳಿಯಲ್ಲಿ ಒಕ್ಕಲುತನ ಮಾಡುವವರು. ಬಂದಾಗಲೆಲ್ಲ ನನ್ನ ಅಂಗಳ ನೋಡಿ, "ಅಳಿಯಂದ್ರ, ಡಬ್ಬಿ ಛಲೋ ಬೆಳದಾವ ನೋಡ್ರಿ" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿ. ಅಂತೂ ಒಂದು ಸಲ ನನ್ನ ಗಿಡವೊಂದು ಅಂಗೈಯಗಲದ ಹಳದಿ ಹೂ ಬಿಟ್ಟಿತು. ಒಂದೇ ಒಂದು. ಭಾನುವಾರ ಸಂಜೆಯ ಬಸ್ಸಿಗೆ ಬಂದು ನೋಡಿ ಹೋಗಬೇಕೆಂದು ಮಾವನವರಿಗೆ ಹೇಳಿ ಕಳಿಸಿದೆ. ಈ ಸಲ ಅವರ ಬಾಯಿಂದ ಒಂದು 'ಭೇಷ್' ಹೊರಡಿಸಲೇಬೇಕೆಂದು ನನ್ನ ಹಟ.

ಅಷ್ಟಕ್ಕೆ ಸುಮ್ಮನಿದ್ದೆನೆ? ಒಂದು ಹೂವಿಗೇ ಪಂಡಿತನಾಗಿಬಿಟ್ಟೆ. ಆಫೀಸಿನಲ್ಲಿ ಮೂರು ಹೊತ್ತೂ ಗುಲಾಬಿಯದೇ ಮಾತು. ಅಕ್ಕಲಕೋಟದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹಿರೇಮಠ, "ನಮಗೂ ಒಂದೀಟು ಕಲಸ್ರಿ, ಸಾಹೇಬ್ರ" ಎಂದದ್ದೇ ತಡ, ಅದೇ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ತರಬೇತಿ ಎಂದು ಸಾರಿಬಿಟ್ಟೆ. ನನ್ನ ಬಾಯಿ ಮುಚ್ಚಿಸಲು ಹಾಗಂದಿದ್ದನೋ ಏನೋ, ಪಾಪ.

ಏಳೆಂಟು ಜನ ಬಂದು ಜಮಖಾನೆಯ ಮೇಲೆ ಕೂತರು. ಮಣ್ಣು, ಗೊಬ್ಬರ, ಬಿಸಿಲು ಎಂದು ಕೊರೆದೆ. ಕೊನೆಗೆ ಕತ್ತರಿ ಹಿಡಿದು, "ಐದೆಲೆಯ ಗೊಂಚಲಿನ ಮೇಲೆ, ಓರೆಯಾಗಿ, ಒಂದೇ ಪೆಟ್ಟಿಗೆ ಕತ್ತರಿಸಬೇಕು. ಕೈ ನಡುಗಬಾರದು!" ಎಂದು ಒಣಗಿದ ಟೊಂಗೆಯೊಂದನ್ನು ಕತ್ತರಿಸಿ ತೋರಿಸಿದೆ. ಟೊಂಗೆ ಬಿದ್ದದ್ದು ಮಾತ್ರ ಮೂರನೆಯ ಪೆಟ್ಟಿಗೆ. ಚುರುಮುರಿ ತರಲು ಒಳಗೆ ಹೋದರೆ ಗಂಗಾ, "ಮಂದಿ ಎಲ್ಲಾ ಆಕಳಿಸ್ಯಾರ, ಗಿಡ ಅಷ್ಟ ಆಕಳಿಸಿಲ್ಲ ನೋಡ್ರಿ" ಎಂದಳು.

ಹೊರಗೆ ಬಂದಾಗ ಎಲ್ಲರೂ ಎದ್ದು ನಿಂತಿದ್ದರು. ನಮ್ಮ ಕಡೆ ಏನಾದರೂ ಕಲಿಸಿದವನನ್ನು ಬರಿಗೈಯಲ್ಲಿ ಬಿಡುವುದಿಲ್ಲ. ಟಾವೆಲು, ಟೊಪ್ಪಿಗೆ, ತೆಂಗಿನಕಾಯಿ ಕೊಟ್ಟು ಆಯೇರಿ ಮಾಡಲೇಬೇಕು. ಹೆಗಲಿಗೆ ಸೊಲ್ಲಾಪುರದ ಟಾವೆಲು ಬಿತ್ತು. ತಲೆಗೆ ಟೊಪ್ಪಿಗೆ ಏರಿತು, ಕೊಂಚ ಬಿಗಿಯಾಗಿಯೇ. ನನ್ನ ಕಣ್ಣು ತುಂಬಿ ಬಂತು. ಆಗ ಹಿರೇಮಠ ಬೆನ್ನ ಹಿಂದಿನಿಂದ ಕೈ ಮುಂದೆ ತಂದ. ತುಳಸಿ ಎಸಳುಗಳ ನಡುವೆ ದಾರ ಸುತ್ತಿ ಕಟ್ಟಿದ ನನ್ನ ಹಳದಿ ಗುಲಾಬಿ!

"ಹಾರ ತರೂದು ಮರತಿದ್ವಿರಿ. ಹೂವಿಲ್ದ ಆಯೇರಿ ಹ್ಯಾಂಗ ಮಾಡೂದು ಅಂತ ಇಲ್ಲೇ ಕೊಯ್ದೀನ್ರಿ. ನೀವು ಹೇಳಿದ್ಹಂಗ, ಓರೆ ಹಿಡದು, ಒಂದ ಪೆಟ್ಟಿಗಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಟೊಪ್ಪಿಗೆ ಹಾಕಿಕೊಂಡು ಅವರನ್ನೇ ಬೈಯುವುದು ಹೇಗೆ? ಅಳು ನುಂಗಿ ಕೈಮುಗಿದೆ.

ಅವರು ಹೋದ ಮೇಲೆ ಮಾವನವರು ಬಂದರು. ನನ್ನ ಟೊಪ್ಪಿಗೆ ನೋಡಿ ನಕ್ಕವರಿಗೆ, ಮಧ್ಯಾಹ್ನ ನಡೆದ ಗುಲಾಬಿ ಶಾಲೆಯ ಸುದ್ದಿಯನ್ನು ಗಂಗಾ ಹೇಳಿದಳು. ತಂಬಿಗೆಯಲ್ಲಿಟ್ಟಿದ್ದ ಹೂ ಎತ್ತಿ ಮೂಸಿ, "ಭೇಷ್! ಎಂಥಾ ಹೂ! ಯಾವ ಅಂಗಡ್ಯಾಗ ತಂದ್ರಿ?" ಎಂದರು.

"ಮಾವಾರ, ಅದು ನಮ್ಮ ಡಬ್ಬೀದ..."

ಅವರು ಅಂಗಳಕ್ಕೆ ಹೋಗಿ ಎಲ್ಲ ಡಬ್ಬಿಗಳನ್ನೂ ನೋಡಿ ಬಂದರು. ಒಂದರಲ್ಲೂ ಹೂವಿಲ್ಲ. "ಖರೇನ ಅವರದರೀ ಅಪ್ಪಾ" ಎಂದಳು ಗಂಗಾ. ಗಂಡನ ಮಾನ ಕಾಯಲು ಮಗಳು ಸುಳ್ಳು ಹೇಳುವ ಗತಿ ಬಂತಲ್ಲ ಎಂದು ಅವರು ಆಕೆಯನ್ನು ಮರುಕದಿಂದ ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿದರು.

"ಇರಲಿ ಬಿಡ್ರಿ, ಅಳಿಯಂದ್ರ. ಇನ್ನೊಮ್ಮಿ ಸಾಲಿ ಇಟ್ಟಾಗ ಈ ಹೂ ಬೆಳಸಿದಾಂವನ್ನ ಹುಡುಕಿ ಕರಸ್ರಿ. ನೀವೂ ಮುಂದ ಕೂತು ಒಂದೀಟು ಕಲೀರಿ."

"ಆಗಲಿ ಮಾವಾರ" ಎಂದೆ. ತಲೆಯ ಮೇಲಿನ ಟೊಪ್ಪಿಗೆಯನ್ನು ಇನ್ನೂ ತೆಗೆದಿರಲಿಲ್ಲ.