ಕೀಲು ಊದಿಸುವ ಕುರ್ಚಿ

ಕೀಲುರೋಗದ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದವಳನ್ನು ದೆವ್ವದ ಕಥೆಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ, ಅಮೆರಿಕದ ರೆಡ್‌ವುಡ್ ಸಿಟಿಯ ನಮ್ಮ ಕ್ಲಿನಿಕ್ಕಿಗೆ ಒಂದೇ ಆಫೀಸಿನಿಂದ ಬಂದವು ಇವು.

೧. ಓಡಾಡುವ ನೋವು

ಮೊದಲು ಬಂದವನು ಹುಬ್ಬಳ್ಳಿ ಕಡೆಯ ಇಂಜಿನಿಯರು. ಸೋಮವಾರ ಮಣಿಕಟ್ಟು ಊದಿತ್ತಂತೆ. ಎಲ್ಲರೂ ಕೀಬೋರ್ಡನ್ನು ಬೈದರು. ಬುಧವಾರ ಅದು ಇಳಿದು ಪಾದದ ಗಂಟು ಊದಿತು. ಶುಕ್ರವಾರ ಮೊಣಕಾಲು. ಏನೋ ಒಂದು ಮೈಯೊಳಗೆ ಜಾಗ ಹುಡುಕುತ್ತ ತಿರುಗುತ್ತಿದೆ ಅನ್ನಿಸಿ ನನಗೇ ಮೈ ಜುಮ್ಮೆಂದಿತು.

"ಆಫೀಸಿನ್ಯಾಗ ಹೊಸಾ ಕುರ್ಚಿ ಕೊಟ್ಟಾರ್ರೀ. ಅದರಾಗ ಕೂತಾಗಿಂದ ಹಿಂಗ," ಎಂದ.

ಮೊಣಕಾಲಿನಿಂದ ತೆಗೆದ ನೀರಿನಲ್ಲಿ ಗೊನೊರಿಯಾ ರೋಗಾಣು ಸಿಕ್ಕಿತು. ಲೈಂಗಿಕ ಸಂಪರ್ಕದಿಂದ ಬರುವುದು, ರಕ್ತದಲ್ಲಿ ಹರಿದು ಕೀಲು ಸೇರುವುದು, ತಡಮಾಡಿದರೆ ಕೀಲೇ ಹಾಳು ಎಂದರು ಡಾಕ್ಟರು. ಹುಡುಗ ಪ್ಯಾಂಟಿನ ಕಾಲು ಇಳಿಸಿಕೊಂಡು ನನ್ನ ಕಡೆ ತಿರುಗಿದ.

"ಆಫೀಸಿನ್ಯಾಗ ಮಾತ್ರ ಕುರ್ಚಿ ಅಂತನ ಹೇಳ್ಲೇನ್ರೀ?"

೨. ನಿಂಬೆಹಣ್ಣು

ಹದಿನೈದು ದಿನಕ್ಕೆ ಅದೇ ಆಫೀಸಿನ ಹುಡುಗಿ ಮಣಿಕಟ್ಟು ಊದಿಸಿಕೊಂಡು ಬಂದಳು. ಅವನು ರಜೆ ಹಾಕಿದ ಮೇಲೆ ಆ ಕುರ್ಚಿ ಅವಳಿಗೆ ಬಂದಿತ್ತಂತೆ. ಅವಳಿಗೂ ಅದೇ ರೋಗಾಣು. ಇಂಜೆಕ್ಷನ್ನು ಕೊಟ್ಟು, ಇನ್ನು ಯಾರಿಗೆ ಹೇಳಬೇಕೋ ಬೇಗ ಹೇಳಮ್ಮ ಎಂದೆ. ಅವಳು ಬಾಯಿ ಬಿಡಲಿಲ್ಲ.

ರೋಗಿಗಳ ಗುಟ್ಟು, ನಾನೂ ಬಾಯಿ ಬಿಡುವಂತಿರಲಿಲ್ಲ. ಕುರ್ಚಿಯ ಸುದ್ದಿ ಮಾತ್ರ ಬೆಳೆಯಿತು. ದಿನಾ ಒಬ್ಬಿಬ್ಬರ ಕೆಲಸ ಹೋಗುತ್ತಿದ್ದ ಆಫೀಸು. ಖಾಲಿ ಮೇಜುಗಳ ನಡುವೆ ಅದೊಂದು ಕುರ್ಚಿ ತಾನಾಗಿ ತಿರುಗುತ್ತದಂತೆ. ನಮ್ಮೂರ ಕಡೆಯ ಒಬ್ಬರು ಅದರ ಮೇಲೆ ನಿಂಬೆಹಣ್ಣು ಇಟ್ಟರು. ಮರುದಿನ ನಿಂಬೆಹಣ್ಣು ಅಲ್ಲೇ ಇತ್ತು, ಇಟ್ಟವರ ಕೆಲಸ ಹೋಗಿತ್ತು.

೩. ಹೆಸರು

ಕೊನೆಗೆ ಬಂದವರು ಆ ಆಫೀಸಿನ ಬಾಸು, ಬೆಂಗಳೂರಿನವರು. ಹೆಂಡತಿಯ ಭುಜ ಹಿಡಿದು ಕುಂಟುತ್ತ ಬಂದರು.

"ನಾನು ಇಂಥದ್ದೆಲ್ಲ ನಂಬಲ್ಲ ಸಿಸ್ಟರ್. ಆದ್ರೆ ಒಂದ್ಸಲ ನಾನೂ ಆ ಕುರ್ಚೀಲಿ ಕೂತಿದ್ದೆ."

ರಿಪೋರ್ಟು ಬಂದ ದಿನ, ಹೆಂಡತಿ ಸ್ವಲ್ಪ ಹೊರಗಿರಲಿ ಎಂದೆ. "ಏನೂ ಬೇಡ, ನಮ್ಮಿಬ್ಬರ ಮಧ್ಯೆ ಮುಚ್ಚುಮರೆ ಇಲ್ಲ," ಎಂದುಬಿಟ್ಟರು. ಡಾಕ್ಟರು ಎಲ್ಲ ಬಿಡಿಸಿ ಹೇಳಿ, ಆಕೆಗೂ ಇವತ್ತೇ ಪರೀಕ್ಷೆ ಆಗಬೇಕು ಎಂದರು.

"ಇವಳಿಗ್ಯಾಕೆ? ಇವಳು ಆ ಕುರ್ಚೀನ ಮುಟ್ಟೇ ಇಲ್ಲ!"

ಆಕೆಯ ಮುಖ ನೋಡಲಾಗದೆ ನಾನು ಫೈಲು ತಿರುವಿದೆ. ಆಕೆ ಗಂಡನ ಮೊಣಕಾಲನ್ನೇ ನೋಡುತ್ತಿದ್ದರು. ಆಮೇಲೆ, ಸಾರಿಗೆ ಉಪ್ಪು ಸಾಕೇ ಎಂದು ಕೇಳುವಷ್ಟು ಮೆಲ್ಲಗೆ ಕೇಳಿದರು:

"ರೀ, ಆ ಕುರ್ಚಿ ಹೆಸರೇನು?"