ಶಿಂದಿ ಅಂಗಡಿಯ ಇತಿಹಾಸ ಬರೆಯಹೊರಟೆ

ಆಸ್ಟ್ರೇಲಿಯಾದ ಹಳ್ಳಿಗಾಡಿನ ಹಳೇ ಪಬ್ಬುಗಳ ಇತಿಹಾಸವನ್ನು ಮೊಬೈಲಿನಲ್ಲಿ ಓದಿದ್ದೇ ನನ್ನ ಅವನತಿಗೆ ಮೂಲ. ಯಾರ ಅಜ್ಜ ಯಾವ ಪಬ್ಬು ಕಟ್ಟಿದ, ಅದು ಸುಟ್ಟುಹೋದ ಮೇಲೆ ಯಾರು ಮತ್ತೆ ಕಟ್ಟಿದರು ಎಂಬುದನ್ನೆಲ್ಲ ಅಲ್ಲಿ ಮೊಮ್ಮಕ್ಕಳು ಹೆಮ್ಮೆಯಿಂದ ಹೇಳುತ್ತಾರೆ. ಇತಿಹಾಸದ ಮಾಸ್ತರನಾಗಿ ನಿವೃತ್ತನಾದ ನನ್ನ ಕೈ ತುರಿಸಿತು. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೇ ಶಿಂದಿ ಅಂಗಡಿಗಳ ಇತಿಹಾಸವನ್ನು ನಾನೇ ಬರೆಯಬೇಕು! ಶಿಂದಿಯನ್ನು ನಾನು ಮೂಸಿಯೂ ನೋಡಿದವನಲ್ಲ. ನಿಷ್ಪಕ್ಷಪಾತಿ ಇತಿಹಾಸಕಾರನಿಗೆ ಇದಕ್ಕಿಂತ ಅರ್ಹತೆ ಬೇಕೆ?

ಹೆಂಡತಿ ಗಿರಿಜಾಗೆ ಇದು ಹಿಡಿಸಲಿಲ್ಲ. ನಮ್ಮ ಮಗಳು ಸುಧಾಳನ್ನು ಹುಕ್ಕೇರಿಯವರು ನೋಡಿಹೋಗಿದ್ದರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ತಂದೆ ಮಾತ್ರ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತು, "ಕುಡಿಯೋ ಮನಿತನದ ಕೂಡ ನಮಗ ಸಂಬಂಧ ಬ್ಯಾಡ್ರಿ. ನಾಕ್ ಕಡೆ ವಿಚಾರಿಸಿ ಹೇಳತೇವಿ" ಎಂದಿದ್ದರು.

"ಅವರು ನಾಕ್ ಕಡೆ ನಿಮ್ಮನ್ನ ವಿಚಾರ್ಸಾಕತ್ತಾರ. ನೀವು ಅದೇ ನಾಕ್ ಕಡೆ ಹೋಗಿ ಶಿಂದಿ ಅಂಗಡಿ ಕೇಳಾಕತ್ತೀರಿ," ಎಂದಳು ಗಿರಿಜಾ.

"ನಾ ಕೇಳೂದು ಹಳೇ ಅಂಗಡಿ," ಎಂದೆ.

ಗೋಕಾಕದ ಹಿರಿಯರು, "ನಮ್ಮೂರಾಗ ಅಂಥಾದ್ದು ಇರಲೇ ಇಲ್ರಿ. ಮೂಡಲಗ್ಯಾಗ ಕೇಳ್ರಿ" ಎಂದರು. ಮೂಡಲಗಿಯವರು ಹುಕ್ಕೇರಿಗೆ ಕಳಿಸಿದರು. ಹುಕ್ಕೇರಿಯ ಹಿರಿಯರು ಆ ಚಾಳಿ ಗೋಕಾಕದವರದೆಂದರು. ಹಾಗಾದರೆ ನಮ್ಮ ಅಜ್ಜಂದಿರು ಕುಡಿಯುತ್ತಿದ್ದುದಾದರೂ ಎಲ್ಲಿ? ನನಗೆ ತಲೆಬುಡ ತಿಳಿಯಲಿಲ್ಲ.

ಹುಕ್ಕೇರಿ ಬಸ್ ನಿಲ್ದಾಣದ ಪಾನ್ ಅಂಗಡಿಯ ಬಾಳಪ್ಪ ನನ್ನನ್ನು ಕನಿಕರದಿಂದ ನೋಡಿದ. "ಸರ್, ಇತಿಹಾಸ ಅಂತ ಯಾಕ ಸುತ್ತುಬಳಸಿ ಕೇಳತೀರಿ? ನನಗ ತಿಳೀತು. ಹತ್ರಿ ಗಾಡಿ."

ಏನು ತಿಳಿಯಿತೋ ನನಗೆ ತಿಳಿಯಲಿಲ್ಲ. ಹತ್ತಿದೆ.

ಗಾಡಿ ಹತ್ತರಗಿ ದಾಟಿ, ಹೆದ್ದಾರಿಯ ಒಂದು ಧಾಬಾದ ಹಿಂಬದಿಗೆ ನಿಂತಿತು. "ಇಲ್ಲಿ ಪರಿಚಯದವರು ಯಾರೂ ಬರೂದಿಲ್ರಿ," ಎಂದು ಧೈರ್ಯ ಹೇಳಿ ಬಾಳಪ್ಪ ಹಸಿರು ಪರದೆ ಸರಿಸಿ ನನ್ನನ್ನು ಒಳಗೆ ತಳ್ಳಿದ. ಪುರಾತನ ಕಟ್ಟಡವೇನೋ ಎಂದು ಗೋಡೆ ಮುಟ್ಟಿದೆ. ಹಸಿ ಬಣ್ಣ ಕೈಗೆ ಹತ್ತಿತು.

ಮೂಲೆಯಲ್ಲಿ ಗ್ಲಾಸು ಹಿಡಿದು ಕೂತವರ ಹಣೆತುಂಬ ವಿಭೂತಿ ಇತ್ತು. ಹುಡುಗನ ತಂದೆ!

ಸುಧಾಳ ಮುಖ ನೆನಪಾಯಿತು. "ನಾ ಇತಿಹಾಸದ ಸಲವಾಗಿ ಬಂದೇನ್ರಿ," ಎಂದು ತೊದಲಿದೆ.

ಅವರು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು. "ನಾನೂ ಅದಕ್ಕ ಬಂದೇನ್ರಿ," ಎಂದರು.

ಮರುದಿನವೇ ಫೋನ್ ಬಂತು. ಎಲ್ಲ ಕಡೆ ವಿಚಾರಿಸಿದರಂತೆ, ನಮ್ಮದು ಭಾಳ ಛಲೋ ಮನಿತನವಂತೆ. ಗಿರಿಜಾ ಸಂತೋಷದಿಂದ ನನ್ನ ಬಾಯಿಗೆ ಕರದಂಟು ತುರುಕಿದಳು. ಹೀಗಾಗಿ ಖರೆ ಹೇಳಲು ಬಾಯಿ ತೆರವಿರಲಿಲ್ಲ.

ಮದುವೆಯಾಗಿ ಸುಧಾ ಸುಖವಾಗಿದ್ದಾಳೆ. ಬೀಗರು ವಾರವಾರ ಫೋನ್ ಮಾಡುತ್ತಾರೆ: "ಇತಿಹಾಸಕ್ಕ ಹೋಗೂನೇನ್ರಿ?" ಹೆಣ್ಣು ಕೊಟ್ಟವನು ಒಲ್ಲೆ ಎನ್ನುವುದು ಹೇಗೆ? ಪರದೆಯ ಹಿಂದೆ ಅವರು ಕುಡಿಯುತ್ತಾರೆ, ನಾನು ಶೇಂಗಾ ತಿನ್ನುತ್ತೇನೆ. ಇತಿಹಾಸ ಒಂದು ಸಾಲೂ ಮುಂದೆ ಹೋಗಿಲ್ಲ.

ಮೊನ್ನೆ ಬಾಳಪ್ಪ ಅಂಜುತ್ತಿದ್ದ ಹೊಸಬನೊಬ್ಬನನ್ನು ಅಲ್ಲಿಗೆ ಕರೆತಂದ. ನನ್ನತ್ತ ಕೈ ಮಾಡಿ ಹೇಳಿದ: "ನಾಚಬ್ಯಾಡ್ರಿ. ಇವರು ಸಾಲಿ ಮಾಸ್ತರು, ನಮ್ಮ ಹಳೇ ಗಿರಾಕಿ."